ಮನೆವಾರ್ತೆಯವನೂ ಬ್ಯಾಂಕಿನ ಶಿಲ್ಕೂ



ಲೂಕನ ಸುವಾರ್ತೆಯ 16ನೇ ಅಧ್ಯಾಯದ ಆರಂಭದಲ್ಲಿ ನಮ್ಮ ಕರ್ತನು ಒಬ್ಬ ಐಶ್ವರ್ಯವಂತನ ಮನೆವಾರ್ತೆಯವನ ವಿಷಯವಾಗಿ ಹೇಳಿದ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಧಣಿಯು ಅವನನ್ನು ಕರೆದು ಲೆಕ್ಕ ಕೇಳಿದನು. ಆಗ ಅವನು ಸಾಲಗಾರರನ್ನು ಒಬ್ಬೊಬ್ಬನಾಗಿ ಕರೆಯಿಸಿ, ಕೊಡತಕ್ಕದ್ದು ಎಷ್ಟೆಂದು ವಿಚಾರಿಸಿ, ನೂರು ಅಳತೆ ಎಣ್ಣೆಯ ಸಾಲಗಾರನಿಂದ ಐವತ್ತೆಂದೂ ನೂರು ಅಳತೆ ಗೋದಿಯ ಸಾಲಗಾರನಿಂದ ಎಂಭತ್ತೆಂದೂ ಬರೆಯಿಸಿದನು. ಈ ಸಾಮ್ಯವನ್ನು ನಾವು ಅನೇಕ ಸಾರಿ ಓದಿ ಬೋಧಿಸಿದ್ದರೂ ಅದರಲ್ಲಿರುವ ಒಂದು ಮಾತು ಬಹುಕಾಲ ನಮ್ಮ ಕಣ್ಣಿಗೆ ಬೀಳಲಿಲ್ಲ. ಧಣಿಗೆ ಎಷ್ಟು ಬರತಕ್ಕದ್ದೆಂಬದನ್ನು ಮನೆವಾರ್ತೆಯವನು ಸಾಲಗಾರರ ಬಾಯಿಂದಲೇ ಕೇಳಿ ತಿಳಿಯಬೇಕಾಯಿತು! ಅದು ಅವನಿಗೆ ಗೊತ್ತಿರಬೇಕಾಗಿತ್ತಲ್ಲವೋ? ವ್ಯಾಖ್ಯಾನ ಬರೆದ ಪಂಡಿತರು ಒಪ್ಪುವರೋ ಇಲ್ಲವೋ, ನಮಗೆ ಮಾತ್ರ ಹೀಗೆ ತೋರುತ್ತದೆ: ಅವನ ಕೇಡು ಮೋಸದಿಂದ ಮೊದಲಾದದ್ದಲ್ಲ, ಬರೆಯದೆ ಬಿಟ್ಟದ್ದರಿಂದ ಮೊದಲಾಯಿತು, ಮೋಸವು ಹಿಂದಿನಿಂದ ಬಂತು.

ಈ ತಿಂಗಳು ನಾವು ನಿಮ್ಮ ಸಂಗಡ ಬ್ಯಾಂಕಿನ ಖಾತೆಯ ವಿಷಯವಾಗಿಯೂ ಅದರ ಶಿಲ್ಕನ್ನು ಕಾದುಕೊಳ್ಳುವ ವಿಷಯವಾಗಿಯೂ ಮಾತಾಡಬೇಕೆಂದಿದ್ದೇವೆ. ಇದು ದೇವಾಲಯದ ಮಾತಲ್ಲ, ಪೇಟೆಯ ಮಾತು ಎಂದು ಕೆಲವರು ಅಂದುಕೊಂಡಾರು. ನಮ್ಮ ಅಜ್ಜಂದಿರ ಕಾಲದಲ್ಲಾದರೆ ಈ ಬೋಧನೆ ನಿಷ್ಪ್ರಯೋಜಕವೇ ಆಗಿರುತ್ತಿತ್ತು. ಯಾಕಂದರೆ ಆಗ ಬ್ಯಾಂಕಿನ ಪುಸ್ತಕವು ಸಾಹುಕಾರರ ಪೆಟ್ಟಿಗೆಯಲ್ಲಿ ಮಾತ್ರ ಇರುತ್ತಿತ್ತು. ಈಗ ಹಾಗಲ್ಲ. 2014ನೇ ಇಸವಿ ಆಗಸ್ಟ್ 28ನೇ ತಾರೀಕಿಗೆ ಜನಧನ ಯೋಜನೆಯು ಆರಂಭವಾದಂದಿನಿಂದ ಕೂಲಿಮಾಡುವವರ ಗುಡಿಸಲಲ್ಲಿಯೂ ಪಾಸುಬುಕ್ಕು ಬಂದಿದೆ. 2019ರಿಂದ ಒಕ್ಕಲಿಗರಿಗೆ ವರುಷಕ್ಕೆ 6,000 ರೂಪಾಯಿ ಮೂರು ಕಂತುಗಳಾಗಿಯೂ, 2023ರಿಂದ ನಮ್ಮ ರಾಜ್ಯದ ಮನೆಯೊಡತಿಯರಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿಯ ಹಣವೂ ಕೈಗಲ್ಲ, ಖಾತೆಗೇ ಬರುವ ಏರ್ಪಾಡಾಯಿತು. ದೇವರು ನಮ್ಮ ವಶಕ್ಕೆ ಕೊಟ್ಟದ್ದು ಯಾವ ಸ್ಥಳದಲ್ಲಿ ಇರುವದೋ ಆ ಸ್ಥಳದಲ್ಲಿಯೇ ನಮ್ಮ ಮನೆವಾರ್ತೆಯೂ ಇರುವದು. ತಲಾಂತುಗಳ ಸಾಮ್ಯದಲ್ಲಿ ಕರ್ತನು ತಾನೇ ಹಣವನ್ನು ಬಡ್ಡಿಗೆ ಇಡಬಹುದಾದ ಸಾಹುಕಾರರ ಮಾತನ್ನು ಎತ್ತಿದ್ದಾನಷ್ಟೆ (ಮತ್ತಾಯ 25:27).

ಸುವಾರ್ತೆಯನ್ನು ಸಾರಿದವರು ಬಡವರ ಉಳಿತಾಯವನ್ನು ತಮ್ಮ ಕೆಲಸವಲ್ಲವೆಂದು ತಳ್ಳಿಬಿಟ್ಟವರಲ್ಲ. ಸ್ಕಾಟ್ಲೆಂಡ್ ದೇಶದ ರುತ್‌ವೆಲ್ ಎಂಬ ಹಳ್ಳಿಯಲ್ಲಿ ಸಭಾಪಾಲಕರಾಗಿದ್ದ ಹೆನ್ರಿ ಡಂಕನ್ ಎಂಬವರು 1810ರಲ್ಲಿ ತಮ್ಮ ಸಭೆಯ ಬಡ ಕೂಲಿಗಾರರಿಗೋಸ್ಕರ ಉಳಿತಾಯದ ಬ್ಯಾಂಕನ್ನು ತೆರೆದರು. ದೊಡ್ಡ ಬ್ಯಾಂಕುಗಳು ಸಣ್ಣ ಹಣವನ್ನು ತೆಗೆದುಕೊಳ್ಳದಿದ್ದ ಆ ಕಾಲದಲ್ಲಿ ಅವರು ಆರು ಪೆನ್ಸನ್ನೂ ತೆಗೆದುಕೊಂಡು ಬರೆದಿಟ್ಟರು. ಜರ್ಮನಿಯಲ್ಲಿ ದೇವಭಕ್ತನಾದ ರೈಫೈಸನ್ ಎಂಬ ಊರಮುಖ್ಯನು ಬಡ್ಡಿಗಾರರ ಕೈಯಲ್ಲಿ ಸಿಕ್ಕಿದ ಒಕ್ಕಲಿಗರನ್ನು ಕಂಡು 1864ರಲ್ಲಿ ಸಾಲದ ಸಂಘವನ್ನು ಕಟ್ಟಿದನು. ಅವನ ಮಾರ್ಗವನ್ನು ನೋಡಿಕೊಂಡೇ ನಮ್ಮ ದೇಶದಲ್ಲಿ 1904ರ ಸಹಕಾರಿ ಕಾನೂನು ಹುಟ್ಟಿತು. ಅದರ ಮರುವರುಷ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ತಮ್ಮ ಊರ ಸಂಘವನ್ನು ಸ್ಥಾಪಿಸಿದರು. 1928ರಲ್ಲಿ ಉಡುಪಿಯ ಒಂದು ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಕೂಡಿಸುವ ಪಿಗ್ಮಿಯನ್ನು ತೊಡಗಿಸಿದ್ದನ್ನೂ ನಿಮ್ಮಲ್ಲಿ ಹಿರಿಯರು ಬಲ್ಲರು. ಇವೆಲ್ಲವುಗಳಲ್ಲಿ ಸಣ್ಣ ಹಣಕ್ಕೂ ಒಂದು ಗೆರೆ, ಒಂದು ತಾರೀಕು, ಒಂದು ಅಂಕೆ ಇತ್ತು.

ಆದರೆ ಬ್ಯಾಂಕಿನವರು ಬರೆಯುತ್ತಾರಲ್ಲಾ, ನಾವು ಯಾಕೆ ಬರೆಯಬೇಕು? ಹೀಗೆ ಕೇಳುವವರು ಬಹಳ. ಅವರ ಸಂಗಡ ಸ್ವಲ್ಪ ಹೊತ್ತು ಕೂತು ಮಾತಾಡೋಣ.

ಬ್ಯಾಂಕು ತೋರಿಸುವ ಶಿಲ್ಕು ಸುಳ್ಳಲ್ಲ. ಆದರೆ ಅದು ಬ್ಯಾಂಕಿಗೆ ತಿಳಿದಿರುವ ಶಿಲ್ಕು. ನೀವು ನಿನ್ನೆ ಯಾರಿಗೆ ಮಾತು ಕೊಟ್ಟಿರೆಂಬದು ಅದಕ್ಕೆ ತಿಳಿಯದು. ಒಬ್ಬ ಸಹೋದರನ ಪಾಸುಬುಕ್ಕಿನಲ್ಲಿ 14,260 ರೂಪಾಯಿ ಇದೆಯೆಂದು ಇಟ್ಟುಕೊಳ್ಳಿರಿ. ಅವನು ಹದಿನೈದು ದಿನದ ಹಿಂದೆ ಗೊಬ್ಬರದ ಅಂಗಡಿಗೆ 6,500 ರೂಪಾಯಿಯ ಚೆಕ್ಕು ಬರೆದುಕೊಟ್ಟಿದ್ದಾನೆ. ಅಂಗಡಿಯವನು ಅದನ್ನು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ತಾರೀಕಿನಿಂದ ಮೂರು ತಿಂಗಳ ವರೆಗೆ ಹಾಕುವದಕ್ಕೆ ಅವನಿಗೆ ಅಧಿಕಾರವುಂಟು. ಐದನೇ ತಾರೀಕಿಗೆ ಸಾಲದ ಕಂತು 1,850 ರೂಪಾಯಿ ತಾನಾಗಿ ಕಡಿತವಾಗುವದು. ಮೇ ತಿಂಗಳ ಕೊನೆಯಾದರೆ ಜೀವವಿಮೆಯ 436 ರೂಪಾಯಿಯೂ ಅಪಘಾತವಿಮೆಯ 20 ರೂಪಾಯಿಯೂ ಹೋಗುವವು. ಇವನ್ನೆಲ್ಲಾ ಕಳೆದರೆ ಅವನದೆಂದು ಹೇಳಬಹುದಾದದ್ದು 5,454 ರೂಪಾಯಿ ಮಾತ್ರ. ಇದನ್ನು ಅರಿಯದೆ, ಪುಸ್ತಕದಲ್ಲಿ ಹದಿನಾಲ್ಕು ಸಾವಿರವುಂಟೆಂದು ಸಂತೋಷಪಟ್ಟು, ಮಗಳ ಮದುವೆಯ ಸೀರೆಗಳಿಗೆ 9,000 ರೂಪಾಯಿ ತೆಗೆದರೆ ಏನಾಗುವದು? ಉಳಿಯುವದು 5,260. ಮಾರನೇ ದಿನ ಗೊಬ್ಬರದ ಚೆಕ್ಕು ಬರುವದು, ಹಣ ಸಾಲದೆ ತಿರುಗಿ ಹೋಗುವದು; ಅದರ ದಂಡವನ್ನೂ ಇವನ ಖಾತೆಯಿಂದಲೇ ತೆಗೆಯುವರು.

ಚೆಕ್ಕು ತಿರುಗುವದು ಸಣ್ಣ ಮಾತಲ್ಲ. 1881ರ ಕಾನೂನಿಗೆ 138ನೇ ಕಲಮು ಸೇರಿ 1989ರ ಏಪ್ರಿಲ್ ಮೊದಲನೇ ತಾರೀಕಿನಿಂದ ಜಾರಿಗೆ ಬಂದಂದಿನಿಂದ ಇದು ಅಪರಾಧವೆಂದು ಎಣಿಸಲ್ಪಟ್ಟಿದೆ. ಹಣ ಬರಬೇಕಾದವನು ನೋಟೀಸು ಕೊಟ್ಟ ಮೇಲೆ ಹದಿನೈದು ದಿನದೊಳಗೆ ಸಲ್ಲಿಸದಿದ್ದರೆ ಎರಡು ವರುಷದ ವರೆಗೆ ಸೆರೆ, ಇಲ್ಲವೆ ಚೆಕ್ಕಿನ ಎರಡರಷ್ಟರ ವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನನ್ನು ಬಿಡೋಣ. ಕ್ರೈಸ್ತನ ಹೌದು ಎಂಬದು ಹೌದೇ ಆಗಿರಬೇಕೆಂದು ಕರ್ತನು ಕಲಿಸಿದನಲ್ಲಾ! ಚೆಕ್ಕೆಂಬದು ರುಜು ಹಾಕಿದ ಹೌದು. ಅದು ಇಲ್ಲವೆಂದಾಗಿ ತಿರುಗಿ ಬಂದಾಗ ಅಂಗಡಿಯವನು ನಮ್ಮ ಹೆಸರನ್ನು ಮಾತ್ರ ಹೇಳುವನೋ? ಇಲ್ಲ, ನಾವು ಯಾರ ಹೆಸರಿನಿಂದ ಕರೆಯಲ್ಪಟ್ಟಿದ್ದೇವೋ ಅದನ್ನೂ ಸೇರಿಸಿ ಹೇಳುವನು. ಸಂತೆಯಲ್ಲಿ ಆ ಮಾತನ್ನು ನಾವು ಕಿವಿಯಾರೆ ಕೇಳಿದ್ದೇವೆ.

ಆದಕಾರಣ ಒಂದು ನೋಟುಬುಕ್ಕನ್ನು ಇಟ್ಟುಕೊಳ್ಳಿರಿ. ಮಕ್ಕಳ ಶಾಲೆಯ ಹಳೇ ಪುಸ್ತಕದಲ್ಲಿ ಉಳಿದ ಹಾಳೆಗಳಾದರೂ ಸಾಕು. ತಾರೀಕು, ವಿವರ, ಜಮಾ, ಖರ್ಚು, ಶಿಲ್ಕು ಎಂದು ಐದು ಮನೆಗಳನ್ನು ಗೆರೆ ಎಳೆದು ಮಾಡಿರಿ. ಚೆಕ್ಕು ಕೊಟ್ಟ ದಿನವೇ, ಅದು ಬ್ಯಾಂಕಿಗೆ ಹೋಗುವ ತನಕ ಕಾಯದೆ, ಖರ್ಚಿನಲ್ಲಿ ಬರೆದು ಶಿಲ್ಕಿನಿಂದ ಕಳೆಯಿರಿ. ಎ.ಟಿ.ಎಂ. ಯಂತ್ರದಿಂದ ತೆಗೆದದ್ದನ್ನೂ ಮೊಬೈಲಿನಿಂದ ಕೊಟ್ಟದ್ದನ್ನೂ ಅದೇ ದಿನ ಬರೆಯಿರಿ. ಈ ಮೊಬೈಲಿನ ಕೊಡುವಿಕೆಯು ಬಹು ಸುಲಭವಾದದ್ದು. ಸುಲಭವಾದದ್ದರಿಂದಲೇ ಜಾಗ್ರತೆ ಬೇಕು. ಜೇಬಿನಲ್ಲಿ ನೂರು ರೂಪಾಯಿಯ ನೋಟಿದ್ದರೆ ಅದನ್ನು ಮುರಿಸುವಾಗ ಕೈ ಸ್ವಲ್ಪ ಅನುಮಾನಿಸುತ್ತದೆ. ಯು.ಪಿ.ಐ. ಚಿತ್ರವನ್ನು ತೋರಿಸಿ ಹತ್ತು ರೂಪಾಯಿ ಚಹಾಕ್ಕೂ ಹದಿನೈದು ರೂಪಾಯಿ ಬಜಿಗೂ ಕೊಡುವಾಗ ಕೈಗೆ ಏನೂ ತಿಳಿಯುವದಿಲ್ಲ.

ತಿಂಗಳಿಗೊಮ್ಮೆ ಪಾಸುಬುಕ್ಕಿಗೆ ಬರಹ ಹಾಕಿಸಿಕೊಂಡು ಬಂದು, ಎರಡು ಪುಸ್ತಕಗಳನ್ನೂ ಪಕ್ಕದಲ್ಲಿಟ್ಟು, ಎರಡರಲ್ಲಿಯೂ ಇರುವದಕ್ಕೆ ಗುರುತು ಹಾಕುತ್ತಾ ಹೋಗಿರಿ. ನಿಮ್ಮಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ್ದು ಸಾಧಾರಣವಾಗಿ ಇನ್ನೂ ಹಾಕದ ಚೆಕ್ಕು. ಬ್ಯಾಂಕಿನಲ್ಲಿದ್ದು ನಿಮ್ಮಲ್ಲಿ ಇಲ್ಲದ್ದು ಬಡ್ಡಿಯೋ, ಬ್ಯಾಂಕಿನವರ ಶುಲ್ಕವೋ, ವಿಮೆಯ ಹಣವೋ ಆಗಿರುವದು. ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿರಿ. (2010ರ ಏಪ್ರಿಲಿನಿಂದ ಉಳಿತಾಯ ಖಾತೆಗೆ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಎಣಿಸಲ್ಪಡುತ್ತದೆ, ಆದದರಿಂದ ಒಂದು ವಾರ ಹೆಚ್ಚಾಗಿ ಬಿಟ್ಟ ಹಣವೂ ಸುಮ್ಮನೆ ಕೂತಿರುವದಿಲ್ಲ.) ಇಷ್ಟಾದರೂ ಲೆಕ್ಕ ಕೂಡದೆ ಹೋದರೆ ಎಷ್ಟು ವ್ಯತ್ಯಾಸವೆಂದು ನೋಡಿರಿ. ಆ ವ್ಯತ್ಯಾಸವು ಒಂಭತ್ತರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲಿಯೋ ಎರಡು ಅಂಕೆಗಳನ್ನು ಹಿಂದುಮುಂದು ಬರೆದಿರುವ ಸಂಭವವುಂಟು. 540 ಎಂಬದನ್ನು 450 ಎಂದು ಬರೆದರೆ ತೊಂಭತ್ತು ತಪ್ಪುವದು. ಇದು ಹಳೇ ಗುಮಾಸ್ತರ ಉಪಾಯ. ಮುಗ್ಗರಿಸಿದ ಅನೇಕ ಶನಿವಾರಗಳಲ್ಲಿ ನಮಗೆ ಪ್ರಯೋಜನವಾಗಿದೆ. ಯಾವ ವಿವರಕ್ಕೂ ಸಿಕ್ಕದ ಕಡಿತವಿದ್ದರೆ ಮಾತ್ರ ತಡಮಾಡದೆ ಬ್ಯಾಂಕಿಗೆ ಹೋಗಿ ಬರಹದಲ್ಲಿ ತಿಳಿಸಬೇಕು. ಮೋಸದಿಂದ ಹೋದ ಹಣದ ವಿಷಯದಲ್ಲಿ ಎಷ್ಟು ಬೇಗ ತಿಳಿಸುವಿರೋ ಅಷ್ಟು ನಿಮಗೆ ರಕ್ಷಣೆಯುಂಟೆಂಬ ಆಜ್ಞೆಯನ್ನು ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿತು. ಮೋಸಗಾರರ ವಿಷಯವಾಗಿ ದೂರು ಹೇಳುವದಕ್ಕೆ 1930 ಎಂಬ ಟೆಲಿಫೋನು ಸಂಖ್ಯೆಯೂ ಉಂಟು. ಲೆಕ್ಕವಿಡದವನು ಹಣ ಹೋದದ್ದನ್ನೇ ಅರಿಯನು. ಅರಿಯದವನು ಏನೆಂದು ದೂರು ಕೊಟ್ಟಾನು?

436 ರೂಪಾಯಿಯ ವಿಷಯವಾಗಿ ಇನ್ನೊಂದು ಮಾತು. ಎರಡು ಲಕ್ಷದ ಆ ಜೀವವಿಮೆಗೆ ಸೇರಿದವನ ಖಾತೆಯಲ್ಲಿ ಮೇ ತಿಂಗಳ ಕೊನೆಗೆ ಅಷ್ಟು ಹಣವಿಲ್ಲದೆ ಹೋದರೆ ವಿಮೆ ನಿಂತುಹೋಗುವದು. ಯಾರೂ ಬಂದು ಬಾಗಿಲು ತಟ್ಟಿ ಹೇಳರು. ಅವನು ಸತ್ತ ಮೇಲೆ ಹೆಂಡತಿಯು ಪಾಸುಬುಕ್ಕನ್ನು ಹಿಡಿದು ಬ್ಯಾಂಕಿಗೆ ಹೋದಾಗಲೇ ತಿಳಿಯುವದು.

ನಮ್ಮ ಹಳ್ಳಿಗಳಲ್ಲಿ ಎಣಿಸಿದರೆ ಸಿರಿ ಹೋಗುವದೆಂಬ ಭಯವೊಂದುಂಟು. ಕಣದಲ್ಲಿ ರಾಶಿ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುತ್ತಾರಷ್ಟೆ. ಆ ಮಾತಿನಲ್ಲಿ ಕೇಡೇನೂ ಇಲ್ಲ. ಆದರೆ ಲಾಭವೆಂದವರೂ ಆ ಮೇಲೆ ಎರಡು, ಮೂರು ಎಂದು ಎಣಿಸಿಯೇ ಎಣಿಸುತ್ತಾರೆ. ಸತ್ಯವೇದವನ್ನು ಬಲ್ಲ ಕೆಲವರು ದಾವೀದನು ಜನರನ್ನು ಎಣಿಸಿದ್ದರಿಂದ ಬಂದ ದಂಡನೆಯನ್ನು ಎತ್ತಿ ತೋರಿಸುವರು. ದಾವೀದನು ತನ್ನ ಬಲವನ್ನು ಕಂಡು ಹಿಗ್ಗುವದಕ್ಕೆ ಎಣಿಸಿದನು. ಎಜ್ರನಾದರೋ ದೇವಾಲಯದ ಬೆಳ್ಳಿಬಂಗಾರವನ್ನು ಯಾಜಕರ ಕೈಗೆ ತೂಗಿ ಕೊಟ್ಟನು. ಯೆರೂಸಲೇಮಿಗೆ ಮುಟ್ಟಿದ ಮೇಲೆ ತಿರುಗಿ ತೂಗಿಸಿ ಬರೆಯಿಸಲ್ಪಟ್ಟಿತು (ಎಜ್ರ 8). ಜಕ್ಕಾಯನನ್ನೂ ನೋಡಿರಿ. ತಾನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನು. ಎಷ್ಟು ತೆಗೆದುಕೊಂಡೆನೆಂಬದು ಗೊತ್ತಿಲ್ಲದವನು ನಾಲ್ಕರಷ್ಟು ಎಂದರೆ ಎಷ್ಟೆಂದು ಕೊಟ್ಟಾನು? ಅವನ ಪಶ್ಚಾತ್ತಾಪಕ್ಕೂ ಒಂದು ಲೆಕ್ಕದ ಪುಸ್ತಕ ಬೇಕಾಗಿತ್ತು.

ಗಂಡಸರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಹೆಂಡತಿಯ ಹೆಸರಿನ ಖಾತೆಯ ಕಾರ್ಡನ್ನೂ ಗುಪ್ತ ಸಂಖ್ಯೆಯನ್ನೂ ತಮ್ಮ ಜೇಬಿನಲ್ಲಿಟ್ಟುಕೊಂಡು, ಎಷ್ಟು ಬಂತು ಎಷ್ಟು ಹೋಯಿತೆಂದು ಅವಳಿಗೆ ಹೇಳದೆ ಇರುವ ಸಹೋದರರು ನಮ್ಮ ಸಭೆಗಳಲ್ಲಿ ಇದ್ದಾರೆ. ಇದು ಮನೆಯ ಯಜಮಾನತನವಲ್ಲ. ಪುಸ್ತಕದ ಮೇಲೆ ಯಾರ ಹೆಸರಿದೆಯೋ ಅವರೇ ಲೆಕ್ಕ ಒಪ್ಪಿಸತಕ್ಕವರು. ಒಪ್ಪಿಸತಕ್ಕವರಿಗೆ ತಿಳಿಯದ ಹಾಗೆ ಖರ್ಚುಮಾಡುವವನನ್ನು ಏನೆಂದು ಕರೆಯಬೇಕೆಂಬದನ್ನು ಅವರೇ ಯೋಚಿಸಲಿ.

ಇನ್ನು ನಮ್ಮ ಸ್ವಂತ ತಪ್ಪನ್ನು ಹೇಳಬೇಕಾಗಿದೆ. ಇದನ್ನು ಪತ್ರಿಕೆಯಲ್ಲಿ ಬರೆಯುವದಕ್ಕೆ ನಮಗೆ ನಾಚಿಕೆ. ಆದರೆ ಇಷ್ಟು ಹೊತ್ತು ಇತರರಿಗೆ ಬೋಧಿಸಿ ಇದನ್ನು ಮುಚ್ಚಿಟ್ಟರೆ ಇನ್ನೂ ಹೆಚ್ಚು ನಾಚಿಕೆಯಾದೀತು.

ಎಂಟು ವರುಷಗಳ ಹಿಂದೆ ನಾವಿದ್ದ ಸಭೆಯಲ್ಲಿ ಸುಗ್ಗಿಯ ಸ್ತೋತ್ರದ ಆರಾಧನೆಯಾಯಿತು. ಜೋಳ, ಕಡಲೆ, ಕೋಳಿ, ಕುಂಬಳಕಾಯಿ ಎಲ್ಲವನ್ನು ಹರಾಜು ಹಾಕಿ ಬಂದ ಹಣವೂ ಕಾಣಿಕೆಯೂ ಸೇರಿ 18,400 ರೂಪಾಯಿ ಆಯಿತು. ಖಜಾಂಚಿಯು ಪರವೂರಿಗೆ ಹೋಗಿದ್ದದರಿಂದ ಹಿರಿಯರು ಹಣವನ್ನು ನಮ್ಮ ಕೈಗೆ ಕೊಟ್ಟರು. ಸಭೆಯ ಖಾತೆ ಇದ್ದ ಬ್ಯಾಂಕು ದೂರ. ನಮ್ಮ ಖಾತೆಯಿದ್ದ ಬ್ಯಾಂಕು ಹತ್ತಿರ. ಎರಡು ದಿನದ ಮಾತಲ್ಲವೇ ಎಂದು ಅದನ್ನು ನಮ್ಮ ಖಾತೆಗೇ ಹಾಕಿದೆವು. ನಮ್ಮದು ಅದರಲ್ಲಿ 7,300 ರೂಪಾಯಿ ಇತ್ತು. ಕೂಡಿ 25,700 ಆಯಿತು. ಎಲ್ಲಿಯೂ ಬರೆಯಲಿಲ್ಲ. ಮರೆಯುವಂಥ ಹಣವೋ ಅದು ಎಂದುಕೊಂಡೆವು.

ಆ ವಾರ ಮನೆಯ ಹಂಚುಗಳನ್ನು ತೆಗೆದು ಹಾಕಿಸಬೇಕಾಗಿ ಬಂತು, 4,000 ತೆಗೆದೆವು. ಮತ್ತೆ ಮರದ ತೊಲೆಗೆ 3,500 ಆಯಿತು. ತಾಯಿಯವರ ಔಷಧಕ್ಕೆ 2,200. ಪ್ರತಿ ಸಾರಿಯೂ ಯಂತ್ರಕ್ಕೆ ಕಾರ್ಡು ಹಾಕಿ ಶಿಲ್ಕು ಕೇಳಿದೆವು. ಯಂತ್ರವು ದೊಡ್ಡ ಅಂಕೆಯನ್ನೇ ತೋರಿಸಿತು, ನಾವು ನೆಮ್ಮದಿಯಿಂದ ತಿರುಗಿ ಬಂದೆವು. ಮೂರು ವಾರಗಳಾದ ಮೇಲೆ ಖಜಾಂಚಿಯು ಬಂದು ಹಣ ಕೇಳಿದಾಗ ಖಾತೆಯಲ್ಲಿ ಇದ್ದದ್ದು 16,000. ಸಭೆಯ ಹಣಕ್ಕೇ 2,400 ರೂಪಾಯಿ ಕಡಿಮೆ. ಕದಿಯಬೇಕೆಂಬ ಮನಸ್ಸು ಒಂದು ಗಳಿಗೆಯಾದರೂ ನಮ್ಮಲ್ಲಿರಲಿಲ್ಲ. ಆದರೂ ಕದ್ದಾಗಿತ್ತು.

ಆ ರಾತ್ರಿ ಭಾವಮೈದುನನಿಂದ 2,400 ರೂಪಾಯಿ ಕೈಗಡ ತಂದೆವು. ಬೆಳಿಗ್ಗೆ ತುಂಬಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಯವರು ದೀಪ ಆರಿಸುವ ಮೊದಲು ಒಂದೇ ಮಾತು ಕೇಳಿದರು: "ಖಜಾಂಚಿಯವರ ಮುಂದ ತುಂಬಿಸಬಹುದ್ರಿ, ರವಿವಾರ ಪೀಠದ ಮ್ಯಾಲೆ ನಿಂತಾಗ ಏನ್ ಮಾಡ್ತೀರಿ?" ನಿದ್ರೆ ಬರಲಿಲ್ಲ. ಬುಧವಾರದ ಪ್ರಾರ್ಥನಾಕೂಟದಲ್ಲಿ ಹಿರಿಯರ ಅಪ್ಪಣೆ ತಕ್ಕೊಂಡು ನಡೆದದ್ದನ್ನೆಲ್ಲಾ ಸಭೆಗೆ ಹೇಳಿ ಹಣವನ್ನು ಮುಂದೆ ಇಟ್ಟೆವು. ಹಿರಿಯರು ಕ್ಷಮಿಸಿದರು, ಒಬ್ಬರು ಎದ್ದು, ಹಣ ಪೂರಾ ಬಂತಲ್ಲಾ, ಮಾತು ಮುಗಿಯಿತು ಎಂದರು. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ, ಹರಾಜಿಗೆ ಎರಡು ಸೇರು ಜೋಳ ತಂದುಕೊಟ್ಟಿದ್ದ ವಿಧವೆ, ಸಿಟ್ಟಿಲ್ಲದೆ, ತಿಳಿಯಬೇಕೆಂಬ ಮನಸ್ಸಿನಿಂದಲೇ ಕೇಳಿದಳು:

"ಉಪದೇಶಿಯವರ, ನನ್ನ ಜ್ವಾಳದ ರೊಕ್ಕ ಉಳದದ್ದರಾಗ ಐತೇನ್ರಿ, ಕಡಿಮಿ ಬಿದ್ದದ್ದರಾಗ ಐತೇನ್ರಿ?"

ಸೆಮಿನಾರಿಯಲ್ಲಿ ಕಲಿತ ಯಾವ ವಿದ್ಯೆಯೂ ನಮಗೆ ಉತ್ತರ ಕೊಡಲಿಲ್ಲ. ಆಕೆಯು ಆ ಜೋಳವನ್ನು ಕರ್ತನಿಗೆಂದು ತಂದಿದ್ದಳು. ನಾವು ಅದನ್ನು ನಮ್ಮದರ ಸಂಗಡ ಬೆರಸಿದ ಮೇಲೆ ಅದು ದೇವಾಲಯಕ್ಕೆ ಹೋಯಿತೋ ನಮ್ಮ ಮನೆಯ ಹಂಚಿಗೆ ಹೋಯಿತೋ ಎಂದು ಹೇಳಬಲ್ಲವರು ಯಾರು? ತಿರುಗಿ ತುಂಬಿಸಿದ ಹಣವು ಅಂಕೆಯನ್ನು ಸರಿಮಾಡಿತು; ಆಕೆಯ ಪ್ರಶ್ನೆಯನ್ನು ಸರಿಮಾಡಲಿಲ್ಲ.

ಯೋವಾಷನ ಕಾಲದಲ್ಲಿ ದೇವಾಲಯದ ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿಯೇ ಹಣ ಎಣಿಸುತ್ತಿದ್ದರೆಂದು ಬರೆದದೆ (2 ಅರಸು 12:10). ಪೌಲನಂಥ ಅಪೊಸ್ತಲನೂ ಯೆರೂಸಲೇಮಿನ ಬಡವರ ಸಹಾಯದ್ರವ್ಯವನ್ನು ಒಬ್ಬನೇ ಒಯ್ಯಲಿಲ್ಲ; ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನಿಂದೆಗೆ ಎಡೆಯಾಗದಂತೆ ಸಹೋದರರನ್ನು ಜೊತೆಗೆ ಕಳುಹಿಸಿದನು (2 ಕೊರಿಂಥ 8). ಯಾಜಕನಿಗೂ ಅಪೊಸ್ತಲನಿಗೂ ಬೇಕಾದದ್ದು ಉಪದೇಶಿಗೆ ಬೇಡವಾಯಿತೇ? ಅಂದಿನಿಂದ ನಾವು ಸೇವೆಮಾಡಿದ ಸಭೆಗಳಲ್ಲಿ ಕಾಣಿಕೆಯನ್ನು ಇಬ್ಬರು ಎಣಿಸುವರು, ಇಬ್ಬರು ರುಜು ಹಾಕುವರು. ನಮ್ಮ ಖಾತೆಯಲ್ಲಿ ಸಭೆಯದೊಂದು ರೂಪಾಯಿಯೂ ಇರುವದಿಲ್ಲ. ತಿಂಗಳ ಮೊದಲನೇ ರವಿವಾರ ಆರಾಧನೆ ಬಿಟ್ಟ ಮೇಲೆ ಪಾಸುಬುಕ್ಕನ್ನು ಗಟ್ಟಿಯಾಗಿ ಓದುತ್ತೇವೆ. ನಿಮ್ಮ ಸಭೆಯಲ್ಲಿ ಹೀಗೆ ನಡೆಯದಿದ್ದರೆ ಕೇಳಿರಿ, ಕೇಳುವದು ಅವಿಶ್ವಾಸವಲ್ಲ.

ನಮ್ಮ ಪಾಪಸಾಲದ ಚೀಟಿಯನ್ನು ಕ್ರಿಸ್ತನು ಶಿಲುಬೆಗೆ ಜಡಿದು ಅಳಿಸಿಬಿಟ್ಟನು (ಕೊಲೊಸ್ಸೆ 2:14). ಹತ್ತು ಸಾವಿರ ತಲಾಂತು ನಾವು ಎಂದೂ ತೀರಿಸಲಾರದ ಸಾಲ. ಅದಕ್ಕೆ ಪುಸ್ತಕವಿಟ್ಟು ಪ್ರಯೋಜನವಿಲ್ಲ, ಆತನ ಪಾದ ಹಿಡಿದೇ ಬದುಕತಕ್ಕದ್ದು. ಆದರೆ ಆ ಸಾಮ್ಯದ ಆಳು ಕ್ಷಮೆ ಹೊಂದಿ ಹೊರಗೆ ಬಂದ ಕೂಡಲೆ ನೂರು ಹಣದ ವಿಷಯದಲ್ಲಿ ತಪ್ಪಿಬಿದ್ದನೆಂಬದನ್ನು ನೆನಸಿರಿ. ನಮ್ಮ ವಿಷಯದಲ್ಲಿ ಅದು 2,400 ರೂಪಾಯಿ ಆಗಿತ್ತು.

ಓದುಬಾರದವರು ನಾವೇನು ಮಾಡಬೇಕೆಂದು ಕೇಳುವಿರಿ. ರವಿವಾರದ ಶಾಲೆಯ ಮಕ್ಕಳಿಂದ ಬರೆಯಿಸಿರಿ. ಗುಪ್ತ ಸಂಖ್ಯೆಯನ್ನು ಮಾತ್ರ ಯಾರಿಗೂ ಹೇಳಬೇಡಿರಿ. ಊರಿಗೆ ಬರುವ ಬ್ಯಾಂಕಿನ ಪ್ರತಿನಿಧಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಚೀಟಿ ಕೇಳಿ ತಕ್ಕೊಳ್ಳಿರಿ. ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಒತ್ತು ಎಂದರೆ ಮೊದಲನೆಯದಕ್ಕೆ ಹಣ ಹೋಯಿತೋ ಇಲ್ಲವೋ ಎಂದು ಶಿಲ್ಕು ನೋಡಿಸಿ ಆ ಮೇಲೆ ಒತ್ತಿರಿ.

ಆ ವಿಧವೆಯು ಈಗಲೂ ಇದ್ದಾಳೆ. ಕಳೆದ ಸುಗ್ಗಿಯಲ್ಲಿ ಆ ಊರಿಗೆ ಹೋದಾಗ ಶನಿವಾರ ಸಂಜೆ ಆಕೆಯ ಮನೆಯಲ್ಲಿ ಕೂತಿದ್ದೆವು. ಪಿಂಚಣಿಯ ಖಾತೆಯ ಲೆಕ್ಕವನ್ನು ಮೊಮ್ಮಗನು ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾನೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ, ಓದು ಎಂದಳು. ಅವನು ಶಿಲ್ಕು ಮುನ್ನೂರ ಇಪ್ಪತ್ತೊಂದು ಎಂದು ಓದಿದನು. ಆಕೆಯ ಕೈ ನಿಂತಿತು.

"ಒಂಬತ್ತು ಹೆಚ್ಚಾತಲ್ಲೋ. ಇನ್ನೊಮ್ಮೆ ನೋಡು."

ಹುಡುಗನು ದೀಪದ ಹತ್ತಿರಕ್ಕೆ ಪುಸ್ತಕವನ್ನು ಹಿಡಿದು, ಪಾಸುಬುಕ್ಕನ್ನು ಪಕ್ಕದಲ್ಲಿಟ್ಟು ನೋಡಿ, ಅಂಕೆಗಳನ್ನು ಹೊಡೆದು ಮುನ್ನೂರ ಹನ್ನೆರಡು ಎಂದು ತಿರುಗಿ ಬರೆದನು. ಆಕೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.